ಓದುಗರ ಪ್ರಶ್ನೆ: ಮುಖ್ಯಮಂತ್ರಿಯನ್ನು ಆರಿಸುವವರು ಯಾರು?

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಇರುವುದು ಆಳುವ ಪಕ್ಷದೊಳಗಿನ ಕುರ್ಚಿ ಪೈಪೋಟಿಯ ಬಗ್ಗೆ. ಕೆಲವರು ಸಿಟ್ಟಿನಿಂದ ಬರೆದಿದ್ದಾರೆ, ಕೆಲವರು ಬೇಸತ್ತು ಬರೆದಿದ್ದಾರೆ. ವಿಧಾನಸೌಧದ ವರದಿಗಾರಿಕೆಯಲ್ಲಿ ನಾನು ಕಾಂಗ್ರೆಸ್, ಜನತಾದಳ, ಬಿಜೆಪಿ ಮೂರರ ಒಳಜಗಳವನ್ನೂ ಹತ್ತಿರದಿಂದ ನೋಡಿದ್ದೇನೆ. ಹಾಗಾಗಿ ಉತ್ತರ ಬರೆಯುವಾಗ ಯಾವ ಪಕ್ಷವನ್ನೂ ಬಿಟ್ಟಿಲ್ಲ.

ಪ್ರಶ್ನೆ: "ಬಹುಮತ ಪಡೆದ ಪಕ್ಷದ ಶಾಸಕರು ತಮ್ಮ ನಾಯಕನನ್ನು ಆರಿಸುತ್ತಾರೆ, ರಾಜ್ಯಪಾಲರು ಅವರನ್ನೇ ಮುಖ್ಯಮಂತ್ರಿಯಾಗಿ ನೇಮಿಸುತ್ತಾರೆ" ಎಂದು ಮಕ್ಕಳಿಗೆ ಪಾಠ ಮಾಡುತ್ತೇನೆ. ಮೊನ್ನೆ ಒಬ್ಬ ಹುಡುಗ, "ಹಂಗಾದ್ರೆ ಎಲ್ಲರೂ ದೆಹಲಿಗೆ ಯಾಕೆ ಹೋಗ್ತಾರೆ ಟೀಚರ್?" ಅಂದ. ಏನು ಹೇಳಲಿ?
— ಹೈಸ್ಕೂಲ್ ಶಿಕ್ಷಕಿ, ದಾವಣಗೆರೆ

ನಿಮ್ಮ ಪಾಠ ಸರಿಯಾಗಿಯೇ ಇದೆ. ಹುಡುಗನ ಪ್ರಶ್ನೆಯೂ ಸರಿ. ಸಂವಿಧಾನದ 164ನೇ ವಿಧಿ ಹೇಳುವುದು ಇಷ್ಟು: ಮುಖ್ಯಮಂತ್ರಿಯನ್ನು ರಾಜ್ಯಪಾಲರು ನೇಮಿಸುತ್ತಾರೆ, ಮಂತ್ರಿಮಂಡಲ ವಿಧಾನಸಭೆಗೆ ಒಟ್ಟಾಗಿ ಹೊಣೆಯಾಗಿರುತ್ತದೆ. ಹೈಕಮಾಂಡ್, ವೀಕ್ಷಕರು, ಉಸ್ತುವಾರಿ ಇವು ಯಾವುವೂ ಅಲ್ಲಿಲ್ಲ. ಇವೆಲ್ಲ ಪಕ್ಷಗಳು ಮಾಡಿಕೊಂಡ ರೂಢಿ.

ಆ ರೂಢಿ ಹೇಗೆ ನಡೆಯುತ್ತದೆ ಅಂತ 2023ನ್ನೇ ನೋಡಿ. ಮೇ 13ಕ್ಕೆ ಫಲಿತಾಂಶ ಬಂತು, ಕಾಂಗ್ರೆಸ್ 135 ಸೀಟು ಗೆದ್ದಿತು. ಮರುದಿನ ಸಂಜೆ ಬೆಂಗಳೂರಿನ ಹೋಟೆಲೊಂದರಲ್ಲಿ ಶಾಸಕಾಂಗ ಪಕ್ಷದ ಸಭೆ. ದೆಹಲಿಯಿಂದ ಮೂವರು ವೀಕ್ಷಕರು ಬಂದಿದ್ದರು. ಸಭೆ ಒಂದು ಸಾಲಿನ ನಿರ್ಣಯ ಮಾಡಿತು: ನಾಯಕನನ್ನು ಆರಿಸುವ ಅಧಿಕಾರವನ್ನು ಎಐಸಿಸಿ (ಅಖಿಲ ಭಾರತ ಕಾಂಗ್ರೆಸ್ ಸಮಿತಿ) ಅಧ್ಯಕ್ಷರಿಗೆ ಕೊಟ್ಟಿದ್ದೇವೆ. ವೀಕ್ಷಕರು ಶಾಸಕರ ಅಭಿಪ್ರಾಯ ಪಡೆದರು, ವರದಿ ಹಿಡಿದುಕೊಂಡು ದೆಹಲಿಗೆ ಹೋದರು. ಸಿದ್ದರಾಮಯ್ಯನವರ ಕಡೆ ಎಷ್ಟು, ಡಿ.ಕೆ. ಶಿವಕುಮಾರ್ ಅವರ ಕಡೆ ಎಷ್ಟು ಅನ್ನುವುದನ್ನು ಮತ ಹಾಕಿದ ಜನರಿಗೆ ಪಕ್ಷ ಅಧಿಕೃತವಾಗಿ ಹೇಳಲಿಲ್ಲ. 18ರಂದು ದೆಹಲಿಯಲ್ಲಿ ಹೆಸರು ಪ್ರಕಟವಾಯಿತು. 20ರಂದು ಕಂಠೀರವ ಕ್ರೀಡಾಂಗಣದಲ್ಲಿ ಪ್ರಮಾಣವಚನ.

ಬಿಜೆಪಿಯ ದಾರಿಯೂ ಬೇರೆಯಲ್ಲ. 2021ರ ಜುಲೈ 26ಕ್ಕೆ ಯಡಿಯೂರಪ್ಪ ರಾಜೀನಾಮೆ ಕೊಟ್ಟರು. ಮರುದಿನ ವೀಕ್ಷಕರು ಬಂದರು, ಸಭೆ ಸೇರಿತು, ಬಸವರಾಜ ಬೊಮ್ಮಾಯಿ ಹೆಸರಿಗೆ ಎಲ್ಲರೂ ಕೈ ಎತ್ತಿದರು. ಕೈ ಎತ್ತುವ ಹೊತ್ತಿಗೆ ತೀರ್ಮಾನ ಆಗಿಹೋಗಿತ್ತು.

ಮೊದಲೆಲ್ಲ ಹೀಗಿರಲಿಲ್ಲ. 1956ರ ಆಗಸ್ಟ್‌ನಲ್ಲಿ ಕೆಂಗಲ್ ಹನುಮಂತಯ್ಯನವರು ಇಳಿದದ್ದು ಸ್ವಂತ ಪಕ್ಷದ ಶಾಸಕರ ವಿಶ್ವಾಸ ಕಳೆದುಕೊಂಡ ಮೇಲೆ. 1958ರಲ್ಲಿ ನಿಜಲಿಂಗಪ್ಪನವರ ವಿರುದ್ಧ ಭಿನ್ನಮತ ಎದ್ದಾಗ ಶಾಸಕರು ಬಿ.ಡಿ. ಜತ್ತಿಯವರನ್ನು ನಾಯಕನನ್ನಾಗಿ ಮಾಡಿಕೊಂಡರು. ಇತ್ತೀಚೆಗೂ ಉದಾಹರಣೆ ಇದೆ. 2011ರ ಆಗಸ್ಟ್‌ನಲ್ಲಿ ಡಿ.ವಿ. ಸದಾನಂದಗೌಡ ಮತ್ತು ಜಗದೀಶ ಶೆಟ್ಟರ್ ನಡುವೆ ಬಿಜೆಪಿ ಶಾಸಕರು ಗುಪ್ತ ಮತದಾನ ಮಾಡಿದರು. 2013ರಲ್ಲಿ ಸಿದ್ದರಾಮಯ್ಯನವರ ಆಯ್ಕೆಗೂ ಕಾಂಗ್ರೆಸ್ ಶಾಸಕರು ಚೀಟಿಯಲ್ಲಿ ಹೆಸರು ಬರೆದುಕೊಟ್ಟರು.

ಮತ ಹಾಕಿಬಿಟ್ಟರೆ ಜಗಳ ನಿಲ್ಲುತ್ತದೆ ಅಂತ ನಾನು ಹೇಳುತ್ತಿಲ್ಲ. ಸದಾನಂದಗೌಡರನ್ನು ವರ್ಷ ತುಂಬುವ ಮೊದಲೇ ಇಳಿಸಿದರು, ಗೊತ್ತಿದೆ. ಆದರೆ ಎಣಿಕೆ ನಡೆದು, ಅಂಕಿ ಹೊರಗೆ ಬಂದರೆ ಗೆದ್ದವರಿಗೆ ಒಂದು ಬಲ ಬರುತ್ತದೆ. ಸೋತವರಿಗೂ ತಾವು ಎಲ್ಲಿ ನಿಂತಿದ್ದೇವೆ ಅಂತ ಗೊತ್ತಾಗುತ್ತದೆ. ಅಂಕಿ ಮುಚ್ಚಿಟ್ಟರೆ ಇಬ್ಬರೂ "ನನ್ನ ಕಡೆಯೇ ಜಾಸ್ತಿ ಇದ್ದರು" ಅಂತ ವರ್ಷಗಟ್ಟಲೆ ಹೇಳಿಕೊಂಡು ತಿರುಗಬಹುದು. ನನ್ನ ಪ್ರಕಾರ ನಮ್ಮ ರಾಜ್ಯದ ಅರ್ಧ ಭಿನ್ನಮತ ಹುಟ್ಟುವುದೇ ಆ ಮುಚ್ಚಿಟ್ಟ ಚೀಟಿಗಳಲ್ಲಿ.

ಹುಡುಗನಿಗೆ ಹೀಗೆ ಹೇಳಿ: ಆರಿಸುವ ಅಧಿಕಾರ ಶಾಸಕರದ್ದೇ. ಅದನ್ನು ಅವರೇ ಒಂದು ಸಾಲಿನಲ್ಲಿ ಬರೆದು ದೆಹಲಿಗೆ ಕೊಟ್ಟಿದ್ದಾರೆ. ಅದಕ್ಕೇ ಅಲ್ಲಿಗೆ ಹೋಗಬೇಕಾಗುತ್ತದೆ.

ಪ್ರಶ್ನೆ: ಉಪಮುಖ್ಯಮಂತ್ರಿಗೆ ಸಂವಿಧಾನದಲ್ಲಿ ಏನು ಅಧಿಕಾರ ಇದೆ? ಮುಖ್ಯಮಂತ್ರಿ ಇಳಿದರೆ ಅವರೇ ತಾನಾಗಿ ಮುಂದಿನವರಾ?
— ವಕೀಲಿ ಓದುತ್ತಿರುವ ವಿದ್ಯಾರ್ಥಿ, ಧಾರವಾಡ

ವಿಶೇಷ ಅಧಿಕಾರ ಏನೂ ಇಲ್ಲ. ಸಂವಿಧಾನದಲ್ಲಿ ಆ ಹುದ್ದೆಯ ಹೆಸರೇ ಇಲ್ಲ. ಕಾನೂನಿನ ಕಣ್ಣಿನಲ್ಲಿ ಅವರೊಬ್ಬ ಮಂತ್ರಿ, ಅಷ್ಟೇ. 2024ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿತು. ಹಾಗಂತ ಆ ಹೆಸರು ಕೊಡುವುದು ತಪ್ಪೂ ಅಲ್ಲ ಅಂತ ಸೇರಿಸಿತು. ಕರ್ನಾಟಕದಲ್ಲಿ ಈ ಹುದ್ದೆ ಮೊದಲು ಬಂದದ್ದು ವೀರಪ್ಪ ಮೊಯಿಲಿಯವರ ಕಾಲದಲ್ಲಿ, ಎಸ್.ಎಂ. ಕೃಷ್ಣ ಅವರಿಗೆ. ಶೆಟ್ಟರ್ ಸರ್ಕಾರದಲ್ಲಿ ಇಬ್ಬರಿದ್ದರು. 2019ರ ಯಡಿಯೂರಪ್ಪ ಸರ್ಕಾರದಲ್ಲಿ ಮೂವರಿದ್ದರು. ಮೂವರಲ್ಲಿ ಒಬ್ಬರೂ ಆಮೇಲೆ ಮುಖ್ಯಮಂತ್ರಿ ಆಗಲಿಲ್ಲ.

ಪ್ರಶ್ನೆ: ಶಾಸಕರು ಯಾರ ಮನೆಗೋ ಊಟಕ್ಕೆ ಹೋದರೆ ಟಿವಿಯಲ್ಲಿ ಇಡೀ ದಿನ ಅದೇ ಸುದ್ದಿ. ಸುಮ್ನೆ ಊಟ ಮಾಡಿದ್ದಕ್ಕೆ ಇಷ್ಟು ಗದ್ದಲ ಯಾಕೆ? ಶಾಸಕರು ಬಣ ಕಟ್ಟುವುದಾದರೂ ಯಾಕೆ?
— ಗೃಹಿಣಿ, ಮಂಡ್ಯ

ಊಟದ ಸಭೆ ಅಂದರೆ ತಲೆ ಎಣಿಕೆ. ಬಂಗಲೆಯ ಗೇಟಿನ ಎದುರು ನಾವು ವರದಿಗಾರರು ನಿಂತಿರುತ್ತೇವೆ. ಒಳಗೆ ಹೋಗುವ ಕಾರಿನ ಗಾಜು ಮೇಲಿದೆಯಾ, ಇಳಿದಿದೆಯಾ ನೋಡುತ್ತೇವೆ. ಗಾಜು ಇಳಿಸಿ ಕೈ ಬೀಸಿದರೆ "ನಾನು ಬಂದಿದ್ದೇನೆ ಅಂತ ಬರೀರಿ" ಅಂತ ಅರ್ಥ. ಗಾಜು ಏರಿಸಿಕೊಂಡು ಹೋದವರು ನಾಳೆ ಇನ್ನೊಂದು ಮನೆಗೂ ಹೋಗುವವರು. ರಾತ್ರಿ ಹನ್ನೊಂದರ ಹೊತ್ತಿಗೆ ಆತಿಥೇಯರ ಕಡೆಯವರೇ ಬಂದು, "ಎಷ್ಟು ಬರ್ಕೊಂಡ್ರಿ?" ಅಂತ ಕೇಳುತ್ತಾರೆ. ನಮ್ಮ ಲೆಕ್ಕ ಅವರ ಲೆಕ್ಕಕ್ಕಿಂತ ಕಡಿಮೆ ಇದ್ದರೆ ಇನ್ನೂ ನಾಲ್ಕು ಹೆಸರು ಹೇಳಿ ಹೋಗುತ್ತಾರೆ.

ಬಣ ಯಾಕೆ ಅಂತ ಕೇಳಿದ್ದೀರಿ. ಅದಕ್ಕೆ ಒಂದು ಲೆಕ್ಕ ಇದೆ. 2003ರ ಸಂವಿಧಾನ ತಿದ್ದುಪಡಿ ಪ್ರಕಾರ ವಿಧಾನಸಭೆಯ ಒಟ್ಟು ಸದಸ್ಯರ ಶೇ 15ಕ್ಕಿಂತ ಜಾಸ್ತಿ ಮಂತ್ರಿಗಳು ಇರುವಂತಿಲ್ಲ. ನಮ್ಮ 224ರ ಮನೆಗೆ ಅದು ಮುಖ್ಯಮಂತ್ರಿ ಸೇರಿ 34. ಪಕ್ಷ 135 ಗೆದ್ದರೆ ನೂರಕ್ಕೂ ಹೆಚ್ಚು ಶಾಸಕರು ಹೊರಗೆ ಉಳಿಯುತ್ತಾರೆ. ಕೆಲವರಿಗೆ ನಿಗಮ, ಮಂಡಳಿ ಸಿಗುತ್ತದೆ. ಉಳಿದವರಿಗೆ ಅದೂ ಇಲ್ಲ. ಈಗ ಮುಖ್ಯಮಂತ್ರಿ ಬದಲಾದರೆ ಏನಾಗುತ್ತದೆ? ಅವರೊಬ್ಬರೇ ಇಳಿಯುವುದಿಲ್ಲ, ಅವರ ರಾಜೀನಾಮೆ ಜೊತೆ ಇಡೀ ಸಂಪುಟ ಹೋಗುತ್ತದೆ. ಪಟ್ಟಿ ಹೊಸದಾಗಿ ಬರೆಯಬೇಕು. ಒಳಗಿರುವ 34 ಜನಕ್ಕೆ ಅದು ಭಯ, ಹೊರಗಿರುವ ನೂರು ಜನಕ್ಕೆ ಆಸೆ. ಎರಡನೇ, ಮೂರನೇ ಸಲ ಗೆದ್ದು, ಒಮ್ಮೆಯೂ ಮಂತ್ರಿಯಾಗದವರ ಆಸೆ ಬಹಳ ಗಟ್ಟಿ. ಅವರಲ್ಲಿ ಎಷ್ಟೋ ಜನರಿಗೆ ನಾಯಕ ಯಾರು ಅನ್ನುವುದು ದೊಡ್ಡ ವಿಷಯವೇ ಅಲ್ಲ. ಹೊಸ ಪಟ್ಟಿ ಆಗಬೇಕು, ಅಷ್ಟು ಸಾಕು.

ಪ್ರಶ್ನೆ: ವೀರೇಂದ್ರ ಪಾಟೀಲರನ್ನು ವಿಮಾನ ನಿಲ್ದಾಣದಲ್ಲಿ ತೆಗೆದುಹಾಕಿದರು ಅಂತ ಮನೆಯಲ್ಲಿ ಅಜ್ಜ ಈಗಲೂ ನೊಂದು ಮಾತಾಡುತ್ತಾರೆ. ನಿಜವಾಗಿ ನಡೆದದ್ದೇನು? ಅದಕ್ಕೆ ಇಷ್ಟು ಮಹತ್ವ ಯಾಕೆ?
— ಪದವಿ ವಿದ್ಯಾರ್ಥಿನಿ, ಕಲಬುರಗಿ

ನಿಮ್ಮ ಅಜ್ಜ ಹೇಳುವುದು ನಿಜ. ಅವರ ನೋವೂ ನಿಜ.

1989ರ ಚುನಾವಣೆಯಲ್ಲಿ ಕಾಂಗ್ರೆಸ್ 224ರಲ್ಲಿ 178 ಗೆದ್ದಿತು. ಪಾಟೀಲರು ಆಗ ಪಕ್ಷದ ರಾಜ್ಯ ಘಟಕದ ಅಧ್ಯಕ್ಷರು. 1968ರಿಂದ 71ರವರೆಗೆ ಒಮ್ಮೆ ಮುಖ್ಯಮಂತ್ರಿ ಆಗಿದ್ದವರು. ನವೆಂಬರ್ 30ಕ್ಕೆ ಎರಡನೇ ಸಲ ಆದರು. ನಾನು ಆಗಷ್ಟೇ ಕೆಲಸಕ್ಕೆ ಸೇರಿದ್ದೆ. ಶಿಸ್ತಿನ ಮನುಷ್ಯ, ಫೈಲು ಓದದೆ ಸಹಿ ಹಾಕುವವರಲ್ಲ ಅಂತ ಹಿರಿಯ ವರದಿಗಾರರು ಹೇಳುತ್ತಿದ್ದರು.

ವರ್ಷ ತುಂಬುವ ಮೊದಲೇ ಭಿನ್ನಮತ ಎದ್ದಿತು. 1990ರ ಅಕ್ಟೋಬರ್‌ನಲ್ಲಿ ದಾವಣಗೆರೆ, ಚನ್ನಪಟ್ಟಣ ಮುಂತಾದ ಕಡೆ ಕೋಮುಗಲಭೆ ಆಯಿತು. ಪಾಟೀಲರು ಪಾರ್ಶ್ವವಾಯು ಬಡಿದು ಮಲಗಿದ್ದರು. ಆಗ ವಿರೋಧ ಪಕ್ಷದ ನಾಯಕರೂ ಕಾಂಗ್ರೆಸ್ ಅಧ್ಯಕ್ಷರೂ ಆಗಿದ್ದ ರಾಜೀವ್ ಗಾಂಧಿ ರಾಜ್ಯಕ್ಕೆ ಬಂದರು. ಪಾಟೀಲರನ್ನು ನೋಡಿ, ದೆಹಲಿಗೆ ಮರಳುವಾಗ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಪತ್ರಕರ್ತರಿಗೆ ನಾಯಕತ್ವ ಬದಲಾಗುತ್ತದೆ ಅಂತ ಹೇಳಿಬಿಟ್ಟರು. ಪಾಟೀಲರು ಸುಲಭಕ್ಕೆ ಬಿಟ್ಟುಕೊಡಲಿಲ್ಲ. ಜಗಳ ಎಲ್ಲಿಗೆ ಹೋಯಿತು ಅಂದರೆ, 178 ಶಾಸಕರಿದ್ದ ಪಕ್ಷದ ರಾಜ್ಯದಲ್ಲಿ ಅಕ್ಟೋಬರ್ 10ರಿಂದ 17ರವರೆಗೆ ರಾಷ್ಟ್ರಪತಿ ಆಳ್ವಿಕೆ ಬಂತು! ಆಮೇಲೆ ಬಂಗಾರಪ್ಪ ಬಂದರು. 1992ರ ನವೆಂಬರ್‌ನಲ್ಲಿ ಅವರನ್ನೂ ಇಳಿಸಿ ಮೊಯಿಲಿಯವರನ್ನು ತಂದರು. ಬಂಗಾರಪ್ಪ ಪಕ್ಷ ಬಿಟ್ಟು ಬೇರೆ ಪಕ್ಷ ಕಟ್ಟಿದರು.

1994ರ ಚುನಾವಣೆಯಲ್ಲಿ ಅದೇ ಕಾಂಗ್ರೆಸ್ 34ಕ್ಕೆ ಇಳಿಯಿತು. ಮೂರನೇ ಸ್ಥಾನ. ಮುಖ್ಯಮಂತ್ರಿಯನ್ನು ಬದಲಿಸುವ ಹಕ್ಕು ಪಕ್ಷಕ್ಕೆ ಇದೆ. ಕಾಯಿಲೆ ಬಿದ್ದವರನ್ನು, ಅವರ ಶಾಸಕರನ್ನು ಕೂರಿಸಿ ಕೇಳದೆ, ವಿಮಾನ ಹತ್ತುವ ಮೊದಲು ಬದಲಿಸಿದ್ದು ಜನರಿಗೆ ಅವಮಾನ ಅನ್ನಿಸಿತು. ಉತ್ತರ ಕರ್ನಾಟಕದ ಲಿಂಗಾಯತ ಮತದಾರರಲ್ಲಿ ಬಹಳ ಜನ ಅದನ್ನು ತಮ್ಮ ಮನೆಯ ಹಿರಿಯರಿಗೆ ಆದ ಅವಮಾನ ಅಂತಲೇ ತಗೊಂಡರು. ವರದಿಗೆ ಅಂತ ಆ ಭಾಗದ ಊರುಗಳಿಗೆ ಹೋದಾಗೆಲ್ಲ, ಬೇರೆ ಏನೋ ಕೇಳಿದರೂ ಮಾತು ಕೊನೆಗೆ ಅಲ್ಲಿಗೇ ಬಂದು ನಿಲ್ಲುತ್ತಿತ್ತು.

ಬೇರೆ ಪಕ್ಷಗಳ ಕಥೆಯನ್ನೂ ಹೇಳಿಬಿಡುತ್ತೇನೆ. 1985ರಲ್ಲಿ ಜನತಾ ಪಕ್ಷ 139 ಗೆದ್ದಿತ್ತು. ರಾಮಕೃಷ್ಣ ಹೆಗಡೆ, ದೇವೇಗೌಡ, ಎಸ್.ಆರ್. ಬೊಮ್ಮಾಯಿ ಬಣಗಳ ತಿಕ್ಕಾಟದ ನಂತರ 1989ರಲ್ಲಿ, ಅದರಿಂದ ಹುಟ್ಟಿದ ಜನತಾದಳಕ್ಕೆ ಸಿಕ್ಕಿದ್ದು 24. ಅದೇ ಜನತಾದಳ 1994ರಲ್ಲಿ 115 ಗೆದ್ದು, 1999ಕ್ಕೆ ಎರಡು ಹೋಳಾಗಿ 18 ಮತ್ತು 10ಕ್ಕೆ ಬಂತು. ಬಿಜೆಪಿ 2008ರಲ್ಲಿ 110 ಗೆದ್ದು, ಐದು ವರ್ಷದಲ್ಲಿ ಮೂವರು ಮುಖ್ಯಮಂತ್ರಿಗಳನ್ನು ಮಾಡಿ, ಯಡಿಯೂರಪ್ಪ ಕೆಜೆಪಿ ಕಟ್ಟಿಕೊಂಡು ಹೊರಗೆ ಹೋದ ಮೇಲೆ, 2013ರಲ್ಲಿ 40ಕ್ಕೆ ನಿಂತಿತು. ಸ್ಥಿರ ಸರ್ಕಾರ ಕೊಟ್ಟವರೂ ಸೋತಿದ್ದಾರೆ, ಅದನ್ನೂ ಹೇಳಬೇಕು. ಸಿದ್ದರಾಮಯ್ಯ 2013ರಿಂದ ಐದು ವರ್ಷ ಪೂರೈಸಿದರೂ 2018ರಲ್ಲಿ ಪಕ್ಷ ಬಹುಮತ ಕಳೆದುಕೊಂಡಿತು. ಆದರೆ ಸೋಲಿನಲ್ಲೂ ವ್ಯತ್ಯಾಸ ಇದೆ. ಒಳಜಗಳದಿಂದ ಸೋತ ಪಕ್ಷಗಳು ನೆಲಕಚ್ಚಿವೆ.

ಪ್ರಶ್ನೆ: ಇಬ್ಬರು ನಾಯಕರು ಅರ್ಧರ್ಧ ಅವಧಿ ಹಂಚಿಕೊಳ್ಳೋಣ ಅಂತ ಒಪ್ಪಂದ ಮಾಡಿಕೊಂಡರೆ ಅದಕ್ಕೆ ಬೆಲೆ ಇದೆಯಾ?
— ನಿವೃತ್ತ ಬ್ಯಾಂಕ್ ನೌಕರ, ಮೈಸೂರು

ಕೋರ್ಟಿನಲ್ಲಿ ಇಲ್ಲ. ಯಾವ ನ್ಯಾಯಾಲಯವೂ "ಕುರ್ಚಿ ಬಿಟ್ಟುಕೊಡು" ಅಂತ ಆದೇಶ ಮಾಡುವುದಿಲ್ಲ. ಅದು ಬರೀ ಬಾಯಿಮಾತಿನ ನಂಬಿಕೆ.

ನಮ್ಮಲ್ಲಿ ಇದರ ದೊಡ್ಡ ಪಾಠ ಎರಡು ಪಕ್ಷಗಳ ನಡುವಿನದು. 2006ರ ಫೆಬ್ರುವರಿಯಲ್ಲಿ ಜೆಡಿಎಸ್ ಮತ್ತು ಬಿಜೆಪಿ ತಲಾ 20 ತಿಂಗಳು ಅಂತ ಒಪ್ಪಿಕೊಂಡವು. ಕುಮಾರಸ್ವಾಮಿ ಮೊದಲು. 2007ರ ಅಕ್ಟೋಬರ್‌ನಲ್ಲಿ ಹಸ್ತಾಂತರ ಆಗಲಿಲ್ಲ. ಬಿಜೆಪಿ ಬೆಂಬಲ ಹಿಂತೆಗೆಯಿತು. ನಂತರ ಮತ್ತೆ ರಾಜಿಯಾಗಿ ಯಡಿಯೂರಪ್ಪ ನವೆಂಬರ್ 12ಕ್ಕೆ ಪ್ರಮಾಣ ಮಾಡಿ, ಒಂದು ವಾರದಲ್ಲಿ ಇಳಿದರು. ಮಾತು ಬಹಿರಂಗವಾಗಿ ಆಗಿತ್ತು, ಹಾಗಾಗಿ ಯಾರು ತಪ್ಪಿದರು ಅಂತ ಜನ ತೀರ್ಮಾನಿಸಲು ಸಾಧ್ಯವಾಯಿತು. 2008ರಲ್ಲಿ ಬಿಜೆಪಿ ಇದನ್ನೇ ಇಟ್ಟುಕೊಂಡು ಮತ ಕೇಳಿತು.

ಪಕ್ಷದೊಳಗಿನ ಒಪ್ಪಂದಗಳ ಕಷ್ಟ ಬೇರೆ. ಅವು ಇವೆಯೋ ಇಲ್ಲವೋ ಅನ್ನುವುದೇ ಗೊತ್ತಾಗುವುದಿಲ್ಲ. ಛತ್ತೀಸಗಡದಲ್ಲಿ 2018ರಲ್ಲಿ ಕಾಂಗ್ರೆಸ್‌ನ ಭೂಪೇಶ್ ಬಘೇಲ್ ಮುಖ್ಯಮಂತ್ರಿಯಾದರು. ಎರಡೂವರೆ ವರ್ಷದ ನಂತರ ಟಿ.ಎಸ್. ಸಿಂಗ್‌ದೇವ್ ಅವರಿಗೆ ಅಂತ ಮಾತು ಆಗಿದೆ ಎಂದು ಒಂದು ಕಡೆಯವರು, ಅಂಥದ್ದೇನೂ ಇಲ್ಲ ಎಂದು ಇನ್ನೊಂದು ಕಡೆಯವರು. ಅವಧಿ ಮುಗಿಯಲು ತಿಂಗಳುಗಳಿದ್ದಾಗ ಸಿಂಗ್‌ದೇವ್ ಉಪಮುಖ್ಯಮಂತ್ರಿ ಆದರು. ರಾಜಸ್ಥಾನದಲ್ಲಿ ಮುಖ್ಯಮಂತ್ರಿ ಗೆಹಲೋತ್ ಮತ್ತು ಉಪಮುಖ್ಯಮಂತ್ರಿ ಪೈಲಟ್ ಜಗಳ 2020ರಲ್ಲಿ ರೆಸಾರ್ಟ್ ಹತ್ತಿತು. 2022ರ ಸೆಪ್ಟೆಂಬರ್‌ನಲ್ಲಿ ಒಂದು ಸಾಲಿನ ನಿರ್ಣಯ ಮಾಡಿಸಲು ದೆಹಲಿಯಿಂದ ವೀಕ್ಷಕರು ಬಂದು ಕಾದರೆ, ಬಹುಪಾಲು ಶಾಸಕರು ಸಭೆಗೇ ಬರಲಿಲ್ಲ. 2023ರ ಡಿಸೆಂಬರ್‌ನಲ್ಲಿ ಕಾಂಗ್ರೆಸ್‌ಗೆ ಎರಡೂ ರಾಜ್ಯ ಕೈತಪ್ಪಿದವು.

ಒಪ್ಪಂದ ಇದ್ದರೆ ಅದನ್ನು ಪ್ರಮಾಣವಚನದ ದಿನವೇ ಜನರ ಮುಂದೆ ಹೇಳಬೇಕು. ಇಲ್ಲದಿದ್ದರೆ ಇಲ್ಲ ಅಂತ ಹೇಳಬೇಕು. ಐದು ವರ್ಷಕ್ಕೆ ಮತ ಕೊಟ್ಟವರಿಗೆ ಇಷ್ಟು ತಿಳಿಯುವ ಹಕ್ಕು ಇದೆ, ಅಲ್ವಾ?

ಪ್ರಶ್ನೆ: ಸ್ವಂತ ಪಕ್ಷದ ಮುಖ್ಯಮಂತ್ರಿ ಬೇಡ ಅಂತ ಶಾಸಕ ಬಹಿರಂಗವಾಗಿ ಹೇಳಿದರೆ ಅವರ ಸದಸ್ಯತ್ವ ಹೋಗುತ್ತದಾ?
— ಪಕ್ಷದ ಬೂತ್ ಮಟ್ಟದ ಕಾರ್ಯಕರ್ತ, ಶಿವಮೊಗ್ಗ

ಬರೀ ಹೇಳಿದ್ದಕ್ಕೆ ಹೋಗಬಾರದು. ಪಕ್ಷಾಂತರ ನಿಷೇಧ ಕಾನೂನು 1985ರಲ್ಲಿ ಬಂತು. ಅದರಲ್ಲಿ ಸದಸ್ಯತ್ವ ಹೋಗುವುದು ಮುಖ್ಯವಾಗಿ ಎರಡು ಕಾರಣಕ್ಕೆ: ತಾನಾಗಿ ಪಕ್ಷ ಬಿಟ್ಟರೆ, ಅಥವಾ ಸದನದಲ್ಲಿ ವಿಪ್ (ಪಕ್ಷದ ಆದೇಶ) ಮೀರಿ ಮತ ಹಾಕಿದರೆ. ನಾಯಕ ಬದಲಾಗಲಿ ಅನ್ನುವುದು ಇವೆರಡರಲ್ಲಿ ಯಾವುದೂ ಅಲ್ಲ. ಪಕ್ಷ ನೋಟಿಸ್ ಕೊಡಬಹುದು, ಅಮಾನತು ಮಾಡಬಹುದು. ಅದು ಬೇರೆ ವಿಷಯ.

2010ರ ಅಕ್ಟೋಬರ್‌ನಲ್ಲಿ ಇದೇ ಪ್ರಶ್ನೆ ಎದ್ದಿತ್ತು. 11 ಬಿಜೆಪಿ ಶಾಸಕರು ರಾಜ್ಯಪಾಲರಿಗೆ ಪತ್ರ ಕೊಟ್ಟು, ಯಡಿಯೂರಪ್ಪ ಸರ್ಕಾರದಲ್ಲಿ ನಮಗೆ ವಿಶ್ವಾಸ ಇಲ್ಲ ಅಂದರು. ವಿಶ್ವಾಸಮತಕ್ಕೆ ಮೊದಲೇ ಸ್ಪೀಕರ್ ಈ ಶಾಸಕರನ್ನು ಅನರ್ಹ ಮಾಡಿದರು. ಶಾಸಕರ ವಾದ: ನಾವು ಪಕ್ಷ ಬಿಟ್ಟಿಲ್ಲ, ನಾಯಕ ಬೇಡ ಅಂದಿದ್ದೇವೆ. 2011ರ ಮೇನಲ್ಲಿ ಸುಪ್ರೀಂ ಕೋರ್ಟ್ ಅನರ್ಹತೆಯನ್ನು ರದ್ದು ಮಾಡಿತು. ಸರಿಯಾಗಿ ಉತ್ತರಿಸಲು ಸಮಯ ಕೊಡದೆ ಆತುರ ಮಾಡಿದ್ದನ್ನೂ ಟೀಕಿಸಿತು.

ಸರ್ಕಾರಕ್ಕೆ ಬಹುಮತ ಇದೆಯೋ ಇಲ್ಲವೋ ಅನ್ನುವುದು ರಾಜಭವನದಲ್ಲಿ ಅಲ್ಲ, ಸದನದಲ್ಲೇ ತೀರ್ಮಾನ ಆಗಬೇಕು ಅಂತ ದೇಶಕ್ಕೆ ಹೇಳಿಕೊಟ್ಟದ್ದೂ ನಮ್ಮ ಕರ್ನಾಟಕದ ಪ್ರಕರಣವೇ. 1989ರ ಏಪ್ರಿಲ್‌ನಲ್ಲಿ ಎಸ್.ಆರ್. ಬೊಮ್ಮಾಯಿ ಸರ್ಕಾರವನ್ನು ವಜಾ ಮಾಡಿದ್ದರು. 1994ರ ಮಾರ್ಚ್‌ನಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಅಲ್ಲೂ ಕಥೆ ಶುರುವಾದದ್ದು ಸ್ವಂತ ಪಕ್ಷದ ಶಾಸಕರ ಪತ್ರಗಳಿಂದ.

ಪ್ರಶ್ನೆ: ಮೇಲೆ ಅವರು ಜಗಳ ಆಡಿಕೊಳ್ಳಲಿ, ನಮಗೇನು? ನಮ್ಮ ಹಳ್ಳಿಗೆ ಇದರಿಂದ ಏನಾಗುತ್ತದೆ ಅಂತ ಇಷ್ಟೊಂದು ಬರೆಯುತ್ತೀರಿ?
— ಗ್ರಾಮ ಪಂಚಾಯಿತಿ ಸದಸ್ಯೆ, ಕೊಪ್ಪಳ ಜಿಲ್ಲೆ

ಆಗುತ್ತದೆ ತಾಯಿ. ಒಂದು ಬರಗಾಲದ ವರ್ಷ ಬಯಲುಸೀಮೆಯ ಒಂದು ತಾಲ್ಲೂಕಿಗೆ ವರದಿಗೆ ಹೋಗಿದ್ದೆ. ಬೆಂಗಳೂರಿನಲ್ಲಿ ನಾಯಕತ್ವದ ಜಗಳ ಜೋರಾಗಿತ್ತು. ಕಚೇರಿಯ ಮೇಜಿನ ಮೇಲೆ ಹೊಸ ಬೋರ್‌ವೆಲ್‌ಗಳ ಪಟ್ಟಿ ಇದ್ದ ಫೈಲು. ಹಳ್ಳಿಗಳ ಹೆಸರು, ಎದುರಿಗೆ ಆಳ, ಅಂದಾಜು ಮೊತ್ತ ಎಲ್ಲ ತುಂಬಿತ್ತು. ಮೇಲೆ ಒಂದು ಚೀಟಿ ಪಿನ್ ಮಾಡಿದ್ದರು: "ಉಸ್ತುವಾರಿ ಸಚಿವರ ಗಮನಕ್ಕೆ ತಂದು ಮಂಡಿಸಿ." ಉಸ್ತುವಾರಿ ಸಚಿವರು ದೆಹಲಿಯಲ್ಲಿದ್ದರು. ಕೆಡಿಪಿ ಸಭೆ (ಅಭಿವೃದ್ಧಿ ಕೆಲಸಗಳ ಪರಿಶೀಲನಾ ಸಭೆ) ಎರಡು ಸಲ ಮುಂದಕ್ಕೆ ಹೋಗಿತ್ತು. ಬಾಗಿಲ ಹತ್ತಿರ ಟ್ಯಾಂಕರ್‌ನವರೊಬ್ಬರು ಬಾಕಿ ಬಿಲ್ ಹಿಡಿದು ನಿಂತಿದ್ದರು. ದುಡ್ಡು ಬರದಿದ್ದರೆ ನಾಳೆಯಿಂದ ಡೀಸೆಲ್ ಹಾಕಿಸಲು ಆಗುವುದಿಲ್ಲ ಅನ್ನುತ್ತಿದ್ದರು. ಅಧಿಕಾರಿ ಕೆಟ್ಟವರಲ್ಲ. "ಸಚಿವರೇ ಬದಲಾದರೆ ಪಟ್ಟಿನೂ ಬದಲಾಗುತ್ತೆ. ಈಗ ಸಹಿ ಹಾಕಿದ್ರೆ ನಾಳೆ ನನ್ನನ್ನೇ ಕೇಳ್ತಾರೆ" ಅಂದರು.

ಯಾವ ಸರ್ಕಾರ ಅಂತ ಬರೆಯುವುದಿಲ್ಲ. ಯಾಕೆಂದರೆ ಎಲ್ಲ ಸರ್ಕಾರಗಳಲ್ಲೂ ಇದನ್ನೇ ಕಂಡಿದ್ದೇನೆ. ವರ್ಗಾವಣೆಯೂ ಹಾಗೆ. ತಹಶೀಲ್ದಾರ್, ಇನ್‌ಸ್ಪೆಕ್ಟರ್ ಯಾರ ಕಡೆಯವರು ಅನ್ನುವ ಲೆಕ್ಕ ಶುರುವಾಗುತ್ತದೆ. ನಿಮ್ಮ ಪಂಚಾಯಿತಿಯ ಕೆಲಸ ಯಾವುದಾದರೂ ಹೀಗೆ ನಿಂತಿದ್ದರೆ ಫೈಲು ಯಾರ ಮೇಜಿನ ಮೇಲೆ, ಯಾವ ತಾರೀಖಿನಿಂದ ಇದೆ ಅಂತ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. 30 ದಿನದಲ್ಲಿ ಉತ್ತರ ಕೊಡಬೇಕು. ಆ ಉತ್ತರ ಹಿಡಿದು ನಿಮ್ಮ ಶಾಸಕರ ಹತ್ತಿರ ಹೋಗಿ.

ಪ್ರಶ್ನೆ: ಜಗಳ ಇಲ್ಲದೆ ಮುಖ್ಯಮಂತ್ರಿ ಕುರ್ಚಿ ಬಿಟ್ಟುಕೊಟ್ಟವರು ನಮ್ಮಲ್ಲಿ ಒಬ್ಬರಾದರೂ ಇದ್ದಾರಾ?
— ಆಟೊ ಚಾಲಕ, ಬೆಂಗಳೂರು

ಇದ್ದಾರೆ. ಎಸ್.ಆರ್. ಕಂಠಿ. ಹುನಗುಂದ ಕ್ಷೇತ್ರದ ಶಾಸಕರು, ಮೊದಲು ವಿಧಾನಸಭೆಯ ಸ್ಪೀಕರ್ ಆಗಿದ್ದವರು. 1962ರ ಚುನಾವಣೆಯಲ್ಲಿ ಕಾಂಗ್ರೆಸ್ ಗೆದ್ದಿತು, ಆದರೆ ನಿಜಲಿಂಗಪ್ಪನವರು ಹೊಸದುರ್ಗದಲ್ಲಿ ಸೋತರು. ಮಾರ್ಚ್ 14ಕ್ಕೆ ಕಂಠಿಯವರು ಮುಖ್ಯಮಂತ್ರಿಯಾದರು. ನಿಜಲಿಂಗಪ್ಪನವರು ಬಾಗಲಕೋಟೆಯಿಂದ ಉಪಚುನಾವಣೆ ಗೆದ್ದು ಬಂದರು. ಜೂನ್ 20ಕ್ಕೆ ಕಂಠಿಯವರು ರಾಜೀನಾಮೆ ಕೊಟ್ಟರು. ನೂರು ದಿನವೂ ತುಂಬಿರಲಿಲ್ಲ. ಬಣ ಕಟ್ಟಲಿಲ್ಲ, ಶಾಸಕರನ್ನು ಸೇರಿಸಲಿಲ್ಲ. ನಿಜಲಿಂಗಪ್ಪನವರ ಸಂಪುಟದಲ್ಲಿ ಶಿಕ್ಷಣ ಸಚಿವರಾಗಿ ಕೆಲಸ ಮುಂದುವರಿಸಿದರು.